ತೆರಪಿನ ಶಿಕ್ಷಣ: ಹಾಸನ ಸೀಮೆಯ ದುಡಿಯುವವರಿಗೆ ವಿಶ್ವವಿದ್ಯಾನಿಲಯದ ಓದು

ಉದ್ಯೋಗ, ಬೇಸಾಯ ಅಥವಾ ಸಂಸಾರದ ಹೊಣೆಯನ್ನು ಕೈಬಿಡದೆ, ಅವುಗಳ ನಡುವೆ ಉಳಿಯುವ ವೇಳೆಯಲ್ಲಿಯೇ ವಿಶ್ವವಿದ್ಯಾನಿಲಯ ಮಟ್ಟದ ಓದನ್ನು ಆರಂಭಿಸಲು, ಎಂದೋ ನಿಂತುಹೋದ ಓದನ್ನು ಮುಂದುವರಿಸಲು ಅಥವಾ ಮಾಡುತ್ತಿರುವ ಕೆಲಸಕ್ಕೆ ಬೇಕಾದ ಹೊಸ ತಿಳಿವಳಿಕೆಯನ್ನು ಪಡೆಯಲು ಇರುವ ವ್ಯವಸ್ಥೆಗಳನ್ನು ಒಟ್ಟಾಗಿ ನಿರಂತರ ಶಿಕ್ಷಣ ಎನ್ನುತ್ತಾರೆ. ಸಂಜೆ ಕಾಲೇಜು, ಬಾಹ್ಯ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟುವ ಪದ್ಧತಿ, ಅಂಚೆಯ ಮೂಲಕ ಪಾಠ, ಮುಕ್ತ ವಿಶ್ವವಿದ್ಯಾನಿಲಯ, ಆನ್‌ಲೈನ್ ಪದವಿ, ರೈತರಿಗೂ ವ್ಯಾಪಾರಿಗಳಿಗೂ ಮೀಸಲಾದ ಅಲ್ಪಾವಧಿ ಕೋರ್ಸುಗಳು, ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಮೈಸೂರು ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಹೇಳಲು ತೊಡಗಿದಾಗ ಕನ್ನಡದಲ್ಲಿ ಇದಕ್ಕೆ ‘ಅಂಚೆ ತೆರಪಿನ ಶಿಕ್ಷಣ’ ಎಂಬ ಹೆಸರು ಬಳಕೆಗೆ ಬಂತು. ತೆರಪು ಎಂದರೆ ಬಿಡುವು, ಎರಡು ಕೆಲಸಗಳ ನಡುವೆ ತೆರೆದುಕೊಳ್ಳುವ ಜಾಗ. ಆಮೇಲೆ ಬಂದ ‘ದೂರ ಶಿಕ್ಷಣ’ ಎಂಬ ಪದ ವಿದ್ಯಾರ್ಥಿಗೂ ಗುರುವಿಗೂ ನಡುವಿನ ಅಂತರವನ್ನು ಹೇಳಿದರೆ, ಹಳೆಯ ಪದ ವಿದ್ಯಾರ್ಥಿಯ ದಿನದೊಳಗಿನ ವೇಳೆಯನ್ನು ಹೇಳುತ್ತದೆ. ಹಾಸನ ಸೀಮೆಯ ಅನುಭವವನ್ನು ನೋಡಿದರೆ ಹಳೆಯ ಪದವೇ ಹೆಚ್ಚು ನಿಜವೆನಿಸುತ್ತದೆ. ಏಕೆಂದರೆ ಇಲ್ಲಿ ದೂರವನ್ನು ಬಸ್ಸು, ರೈಲು, ಫೋನುಗಳು ಬಹುಮಟ್ಟಿಗೆ ಕಿರಿದು ಮಾಡಿವೆ, ಆದರೆ ವೇಳೆಯ ಅಭಾವ ಮಾತ್ರ ಹಾಗೆಯೇ ಉಳಿದಿದೆ.

ಸೀಮೆ ಮತ್ತು ಓದುಗರು

ಈ ಲೇಖನದ ನೆಲೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿ ಮತ್ತು ಅದನ್ನು ಸುತ್ತುವರಿದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳು. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಹಳ್ಳಿಗಳಲ್ಲಿದ್ದವರು, ಸಾಕ್ಷರತೆ ಸುಮಾರು ಶೇ. 76. ಹೇಮಾವತಿಯ ನಾಲೆಗಳ ಕೆಳಗಿನ ಭತ್ತ ಮತ್ತು ಕಬ್ಬು, ಹಾಸನದ ಸುತ್ತಿನ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗು ಮತ್ತು ಎಲ್ಲೆಡೆಯ ರಾಗಿ, ಇವು ಇಲ್ಲಿನ ವರ್ಷದ ಲೆಕ್ಕವನ್ನು ನಿರ್ಧರಿಸುವ ಬೆಳೆಗಳು. ಇವುಗಳ ಜೊತೆಗೆ ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಮತ್ತು ಸಿದ್ಧ ಉಡುಪಿನ ಘಟಕಗಳಲ್ಲಿ ಪಾಳಿಯ ಮೇಲೆ ದುಡಿಯುವ ಹೆಣ್ಣುಮಕ್ಕಳು, ಸಾರಿಗೆ ಸಂಸ್ಥೆಯ ಚಾಲಕರು ಮತ್ತು ನಿರ್ವಾಹಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪೊಲೀಸ್ ಪೇದೆಗಳು, ಪ್ರಾಥಮಿಕ ಶಾಲೆಯ ಶಿಕ್ಷಕರು, ಗ್ರಾಮ ಪಂಚಾಯಿತಿಯ ಸಿಬ್ಬಂದಿ, ಗೊಬ್ಬರದಂಗಡಿಯವರು, ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ ಓದು ಬಿಟ್ಟವರು, ಇವರೇ ಇಲ್ಲಿ ತೆರಪಿನ ಶಿಕ್ಷಣದ ನಿಜವಾದ ಓದುಗರು. ಅವರ ಮಾತಿನಲ್ಲಿ ಇದು ‘ಕರೆಸ್ಪಾಂಡೆನ್ಸ್‌ನಲ್ಲಿ ಓದುವುದು’ ಅಥವಾ ‘ಓಪನ್ನಿಗೆ ಕಟ್ಟುವುದು’. ಅಂಚೆಯ ಪಾತ್ರ ಕಡಿಮೆಯಾಗಿ ವರ್ಷಗಳೇ ಕಳೆದಿದ್ದರೂ ಮೊದಲ ಹೆಸರು ಜನರ ನಾಲಗೆಯ ಮೇಲೆ ಉಳಿದಿದೆ.

ಹಿನ್ನೆಲೆ

ಕಾಲೇಜಿಗೆ ಬರಲಾಗದವರಿಗೂ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಬೇಕೆಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಎರಡು ರೂಪಗಳನ್ನು ತಾಳಿತು. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯ, ಎಲ್ಲಿ ಹೇಗೆ ಓದಿದ್ದರೂ ಸರಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಪದವಿ ಕೊಡುವ ಬಾಹ್ಯ ಪದವಿ ಪದ್ಧತಿಯನ್ನು ಆರಂಭಿಸಿತು. 1873ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಉಪನ್ಯಾಸ ಕೊಡಿಸುವ ವಿಸ್ತರಣ ಉಪನ್ಯಾಸಗಳಿಗೆ ತೊಡಗಿತು. ಮೊದಲನೆಯದು ಪದವಿಯನ್ನೂ ಎರಡನೆಯದು ವಿದ್ಯೆಯನ್ನೂ ಹೊರಗಿನವರಿಗೆ ತಲುಪಿಸಿದವು. ಈ ಎರಡನ್ನೂ ಒಂದೇ ಸಂಸ್ಥೆಯಲ್ಲಿ ಕೂಡಿಸಿ ದೊಡ್ಡ ಪ್ರಮಾಣದಲ್ಲಿ ನಡೆಸಿದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿದ್ದು 1969ರಲ್ಲಿ.

ಮೈಸೂರು ಸೀಮೆಯಲ್ಲಿ ಮೊದಲು ಬೇರೂರಿದ್ದು ಎರಡನೆಯ ಬಗೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಿಂದ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಕನ್ನಡದ ಪುಟ್ಟ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಹಂಚಿತು. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ (1956–60) ವಿಶ್ವವಿದ್ಯಾನಿಲಯದ ಪ್ರಕಟಣ ವಿಭಾಗವಾದ ಪ್ರಸಾರಾಂಗ ಈ ಕೆಲಸವನ್ನು ತಾಲ್ಲೂಕು ಕೇಂದ್ರಗಳವರೆಗೆ ಹಬ್ಬಿಸಿತು. ಪರೀಕ್ಷೆಯ ಭಯವಿಲ್ಲದೆ, ಶುಲ್ಕದ ಮಾತಿಲ್ಲದೆ, ರೈತನೂ ಕುಳಿತು ಕೇಳಬಹುದಾದ ವಿಜ್ಞಾನ, ಆರೋಗ್ಯ, ಇತಿಹಾಸದ ಮಾತುಗಳು ಈ ಮಾಲೆಯಲ್ಲಿ ಬಂದವು. ಇಂದಿನ ಸರ್ಟಿಫಿಕೇಟ್ ಕೇಂದ್ರಿತ ವ್ಯವಸ್ಥೆಯಲ್ಲಿ ಈ ಪರಂಪರೆ ಹಿಂದೆ ಸರಿದಿರುವುದು ಸಣ್ಣ ನಷ್ಟವಲ್ಲ. ಇದಕ್ಕೆ ಸಮಾನಾಂತರವಾಗಿ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ತೊಡಗಿತು. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯಲ್ಲಿ, ಹಳ್ಳಿಯ ತರುಣರು ಒಕ್ಕಲುತನವನ್ನೂ ನಾಗರಿಕ ಜೀವನದ ತಿಳಿವಳಿಕೆಯನ್ನೂ ಒಟ್ಟಿಗೆ ಕಲಿಯುವ ವಸತಿ ವಿದ್ಯಾಪೀಠಗಳಲ್ಲಿ ಮೊದಲನೆಯದು 1947ರಲ್ಲಿ ನಂಜನಗೂಡಿನಲ್ಲಿ ಆರಂಭವಾಯಿತು. ಕನ್ನಡ ಸಾಹಿತ್ಯ ಪರಿಷತ್ತು ನಡೆಸುತ್ತ ಬಂದಿರುವ ಕಾವ, ಜಾಣ, ರತ್ನ ಪರೀಕ್ಷೆಗಳನ್ನೂ ಇಲ್ಲಿ ನೆನೆಯಬೇಕು. ತರಗತಿಗೆ ಕಾಲಿಡದೆ, ಸ್ವಂತ ಓದಿನ ಬಲದಿಂದಲೇ ಹಳಗನ್ನಡವನ್ನೂ ವ್ಯಾಕರಣವನ್ನೂ ಕರಗತ ಮಾಡಿಕೊಳ್ಳುವ ದಾರಿಯನ್ನು ಅವು ಅನೇಕ ಶಿಕ್ಷಕರಿಗೂ ಗುಮಾಸ್ತರಿಗೂ ತೋರಿಸಿವೆ.

ಪದವಿಯನ್ನು ಅಂಚೆಯ ಮೂಲಕ ಕೊಡುವ ಪ್ರಯೋಗ ಭಾರತದಲ್ಲಿ ಮೊದಲು ನಡೆದದ್ದು 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ. ಡಿ. ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66), ಉನ್ನತ ಶಿಕ್ಷಣದ ಒಟ್ಟು ದಾಖಲಾತಿಯಲ್ಲಿ ಮೂರನೆಯ ಒಂದು ಪಾಲನ್ನು ಅಂಚೆ ಪಾಠಗಳೂ ಸಂಜೆ ಕಾಲೇಜುಗಳೂ ಹೊರಬೇಕೆಂದು ಸಲಹೆ ಮಾಡಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಪಾಠ ಮತ್ತು ನಿರಂತರ ಶಿಕ್ಷಣದ ಸಂಸ್ಥೆ ಆರಂಭವಾದಾಗ, ಅದೇ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದ ಹಾಸನದವರಿಗೆ ಅದು ತಮ್ಮದೇ ಸಂಸ್ಥೆಯಾಗಿ ಒದಗಿತು. ಕಲ್ಲಚ್ಚಿನಂತೆ ಮಸುಕಾದ ಅಕ್ಷರಗಳ ಪಾಠದ ಕಂತುಗಳು ಅಂಚೆಯಣ್ಣನ ಚೀಲದಲ್ಲಿ ಬರುತ್ತಿದ್ದ ಆ ಕಾಲದಲ್ಲಿ, ಹಳ್ಳಿಯ ಶಾಲಾ ಮೇಷ್ಟರು ಬಿ.ಎ. ಮತ್ತು ಎಂ.ಎ. ಮಾಡಿಕೊಳ್ಳಲು ಇದ್ದ ಮುಖ್ಯ ದಾರಿ ಇದೇ ಆಗಿತ್ತು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯವೂ, 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ (ಇಗ್ನೋ) ಸ್ಥಾಪನೆಯಾದವು. ಕರ್ನಾಟಕ ತನ್ನ ಮುಕ್ತ ವಿಶ್ವವಿದ್ಯಾನಿಲಯ ಕಾಯ್ದೆಯನ್ನು 1992ರಲ್ಲಿ ಮಾಡಿ, 1996ರ ಜೂನ್ 1ರಂದು ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯನ್ನೇ ಬುನಾದಿಯಾಗಿ ಮಾಡಿಕೊಂಡು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಅದರ ಆವರಣಕ್ಕೆ ಮುಕ್ತಗಂಗೋತ್ರಿ ಎಂದು ಹೆಸರು. ಹಾಸನದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದ್ದು, ಪ್ರವೇಶ, ಪುಸ್ತಕ, ಪರೀಕ್ಷೆಗಳ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳವರು ಮೊದಲು ಹೋಗುವುದು ಅಲ್ಲಿಗೇ.

ಮುಕ್ತ ಶಿಕ್ಷಣ ನಡೆಯುವ ಬಗೆ

ಮುಕ್ತ ಶಿಕ್ಷಣದಲ್ಲಿ ತರಗತಿಯ ಸ್ಥಾನವನ್ನು ಸ್ವಯಂ ಕಲಿಕೆಯ ಪುಸ್ತಕ ತುಂಬುತ್ತದೆ. ಅದು ಸಾಮಾನ್ಯ ಪಠ್ಯಪುಸ್ತಕವಲ್ಲ. ಅದನ್ನು ಕೆಲವು ಬ್ಲಾಕುಗಳಾಗಿ, ಬ್ಲಾಕನ್ನು ಘಟಕಗಳಾಗಿ ವಿಂಗಡಿಸಿರುತ್ತಾರೆ. ಪ್ರತಿ ಘಟಕದ ತಲೆಯಲ್ಲಿ ಅದನ್ನು ಓದಿದ ಮೇಲೆ ಏನು ತಿಳಿದಿರಬೇಕೆಂಬ ಉದ್ದೇಶಗಳೂ, ನಡುನಡುವೆ ಓದುಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳೂ, ಕೊನೆಯಲ್ಲಿ ಕಠಿಣ ಪದಗಳ ಅರ್ಥವೂ ಇರುತ್ತವೆ. ಒಂದು ಘಟಕ ಒಂದು ಬೈಠಕ್ಕಿನಲ್ಲಿ ಮುಗಿಯುವಷ್ಟೇ ಉದ್ದವಿರಬೇಕೆಂಬುದು ಈ ರಚನೆಯ ಹಿಂದಿನ ಲೆಕ್ಕ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಒಂದು ಗಂಟೆಯಲ್ಲಿ, ಡಿಪೋದಲ್ಲಿ ಮುಂದಿನ ಟ್ರಿಪ್ಪಿಗೆ ಕಾಯುವ ಮುಕ್ಕಾಲು ಗಂಟೆಯಲ್ಲಿ ಒಂದು ಘಟಕ ಮುಗಿದರೆ ಓದು ಮುಂದೆ ಸಾಗುತ್ತದೆ, ಇಲ್ಲವಾದರೆ ಅದೇ ಪುಟಕ್ಕೆ ಮತ್ತೆ ಮತ್ತೆ ಮರಳಬೇಕಾಗುತ್ತದೆ. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಅದರ ಪಾಂಡಿತ್ಯದ ಜೊತೆಗೆ ಈ ಅಳತೆಯಿಂದಲೂ ನಿರ್ಣಯಿಸಬೇಕು.

ಓದಿನ ಪ್ರಮಾಣವನ್ನು ಅಳೆಯುವ ಮಾನ ಕ್ರೆಡಿಟ್. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮದಂತೆ ಮುಕ್ತ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ಶ್ರಮ. ಓದುವುದು, ಬರೆಯುವುದು, ಅಧ್ಯಯನ ಕೇಂದ್ರದಲ್ಲಿ ಅಧ್ಯಾಪಕರು ನಡೆಸುವ ಆಪ್ತಸಲಹಾ ತರಗತಿಗೆ ಹೋಗುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ನಾಲ್ಕು ಕ್ರೆಡಿಟ್‌ಗಳ ಒಂದು ವಿಷಯಕ್ಕೆ ಹೀಗೆ 120 ಗಂಟೆ ಬೇಕು. ಆರು ತಿಂಗಳ ಸೆಮಿಸ್ಟರಿನಲ್ಲಿ ಅಂಥ ಐದು ವಿಷಯಗಳಿದ್ದರೆ ದಿನಕ್ಕೆ ಮೂರು ಗಂಟೆಗೂ ಹೆಚ್ಚು ಓದಬೇಕಾಗುತ್ತದೆ. ಎಂಟು ಗಂಟೆಯ ಪಾಳಿ, ಹೋಗಿ ಬರಲು ಎರಡು ಗಂಟೆ, ಮನೆಯಲ್ಲಿ ಹಸುವೊಂದಿದ್ದರೆ ಹಾಲು ಕರೆದು ಡೈರಿಗೆ ಹಾಕುವ ವೇಳೆ, ಇವನ್ನೆಲ್ಲ ಕಳೆದ ಮೇಲೆ ಈ ಮೂರು ಗಂಟೆ ಎಲ್ಲಿಂದ ಬರಬೇಕೆಂಬುದೇ ತೆರಪಿನ ಶಿಕ್ಷಣದ ನಡುಮಧ್ಯದ ಪ್ರಶ್ನೆ. ಕಾಗದದ ಮೇಲೆ ನಿಯಮ ಚೊಕ್ಕವಾಗಿದ್ದರೂ, ಅರೆಕಾಲಿಕ ವಿದ್ಯಾರ್ಥಿಯಿಂದ ಅದು ಪೂರ್ಣಕಾಲಿಕ ವಿದ್ಯಾರ್ಥಿಯ ದುಡಿಮೆಯನ್ನೇ ಬೇಡುತ್ತದೆ.

ಮೌಲ್ಯಮಾಪನದಲ್ಲಿ ಗರಿಷ್ಠ ಶೇ. 30 ಅಂಕಗಳು ವರ್ಷದ ನಡುವೆ ಬರೆದು ಒಪ್ಪಿಸುವ ನಿಯೋಜಿತ ಬರವಣಿಗೆಗೆ, ಅಂದರೆ ಅಸೈನ್‌ಮೆಂಟಿಗೆ, ಉಳಿದ ಕನಿಷ್ಠ ಶೇ. 70 ಅಂಕಗಳು ಕೊನೆಯ ಪರೀಕ್ಷೆಗೆ. ಅಸೈನ್‌ಮೆಂಟನ್ನು ಸಾಮಾನ್ಯವಾಗಿ ಕೈಬರಹದಲ್ಲೇ ಬರೆದು, ಮೊದಲ ಹಾಳೆಯಲ್ಲಿ ನೋಂದಣಿ ಸಂಖ್ಯೆ, ವಿಷಯದ ಸಂಕೇತ, ಅಧ್ಯಯನ ಕೇಂದ್ರದ ಹೆಸರು ನಮೂದಿಸಿ, ನಿಗದಿತ ದಿನದೊಳಗೆ ಒಪ್ಪಿಸಬೇಕು. ಹತ್ತು ಹದಿನೈದು ವರ್ಷಗಳ ನಂತರ ಪೆನ್ನು ಹಿಡಿದವರಿಗೆ ಈ ಬರವಣಿಗೆಯೇ ಮೊದಲ ಅಡ್ಡಿಯೂ ಹೌದು, ಮೊದಲ ಗೆಲುವೂ ಹೌದು. ಮೊದಮೊದಲು ಪುಸ್ತಕದ ಸಾಲುಗಳನ್ನೇ ನಕಲು ಮಾಡುವ ಕೈ, ಎರಡನೆಯ ಮೂರನೆಯ ಉತ್ತರದ ಹೊತ್ತಿಗೆ ತನ್ನ ವಾಕ್ಯವನ್ನು ತಾನೇ ಕಟ್ಟತೊಡಗುತ್ತದೆ. ಪರೀಕ್ಷಕರು ಅಂಕವನ್ನಷ್ಟೇ ಹಾಕದೆ ಅಂಚಿನಲ್ಲಿ ಎರಡು ಮಾತು ಬರೆದು ಹಿಂದಿರುಗಿಸಿದರೆ ಅದೇ ಈ ಶಿಕ್ಷಣದ ನಿಜವಾದ ಪಾಠವಾಗುತ್ತದೆ. ಅಂಕಪಟ್ಟಿ ಮಾತ್ರ ಬಂದು ಉತ್ತರದ ಹಾಳೆ ಬಾರದೆ ಹೋದಾಗ ಈ ಅವಕಾಶ ವ್ಯರ್ಥವಾಗುತ್ತದೆ.

ಭಾಷೆಯ ವಿಷಯದಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಬೇರೆ ಯಾವ ಸಂಸ್ಥೆಗೂ ಇಲ್ಲದ ಮಹತ್ವವಿದೆ. ಇಗ್ನೋದ ಪಾಠಗಳು ಬಹುಪಾಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲಿಯೇ ಪರೀಕ್ಷೆ ಬರೆಯುವ ಅನುಕೂಲ ಮುಕ್ತಗಂಗೋತ್ರಿಯಲ್ಲಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ದುಡಿಮೆಗೆ ಇಳಿದವರು ಮತ್ತೆ ಓದಿಗೆ ಮರಳುವಾಗ ವಿಷಯದ ಭಾರದ ಮೇಲೆ ಭಾಷೆಯ ಭಾರವನ್ನೂ ಹೊರಬೇಕಾಗದಿರುವುದು ಅವರು ಓದನ್ನು ಪೂರೈಸಲು ಬಲುಮಟ್ಟಿಗೆ ನೆರವಾಗುತ್ತದೆ.

ಮಾನ್ಯತೆಯ ಪ್ರಶ್ನೆ

ತೆರಪಿನಲ್ಲಿ ಓದುವವರು ಹಣಕ್ಕಿಂತ ಹೆಚ್ಚಾಗಿ ತಮ್ಮ ನಿದ್ದೆಯನ್ನು ಹೂಡಿರುತ್ತಾರೆ. ಹಾಗಾಗಿ ಕೊನೆಗೆ ಸಿಗುವ ಪದವಿ ನಡೆಯುತ್ತದೋ ಇಲ್ಲವೋ ಎಂಬ ಆತಂಕ ಅವರನ್ನು ಕಾಡುವಷ್ಟು ಬೇರೆ ವಿದ್ಯಾರ್ಥಿಗಳನ್ನು ಕಾಡುವುದಿಲ್ಲ. ಕರ್ನಾಟಕದಲ್ಲಿ ಈ ಆತಂಕಕ್ಕೆ ಕಾರಣವೂ ಇತ್ತು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ತನ್ನ ಭೌಗೋಳಿಕ ವ್ಯಾಪ್ತಿಯನ್ನು ಮೀರಿ ಹೊರರಾಜ್ಯಗಳ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳನ್ನು ನಡೆಸಿದ್ದು ನಿಯಮಗಳಿಗೆ ವಿರುದ್ಧವೆಂದು ಹೇಳಿ, 2012–13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮರಳಿ ದೊರೆತು 2018–19ರಿಂದ ಪ್ರವೇಶಗಳು ಪುನಃ ಆರಂಭವಾದವು. ನಡುವಿನ ವರ್ಷಗಳಲ್ಲಿ, ಹೊರರಾಜ್ಯದ ವ್ಯವಹಾರಕ್ಕೆ ಯಾವ ಸಂಬಂಧವೂ ಇಲ್ಲದ, ಕರ್ನಾಟಕದ ಹಳ್ಳಿಗಳಲ್ಲಿ ಕುಳಿತು ಓದುತ್ತಿದ್ದ ಸಾವಿರಾರು ಮಂದಿ ಬಡ್ತಿಯ ಅರ್ಜಿಗಳನ್ನು, ನೇಮಕಾತಿಯ ಅವಕಾಶಗಳನ್ನು ಮುಂದಿಟ್ಟುಕೊಂಡು ಕಾಯಬೇಕಾಯಿತು. ಈ ಘಟ್ಟದ ಭಾರವನ್ನು ಹೆಚ್ಚು ಹೊತ್ತವರು ಸಂಸ್ಥೆಯನ್ನು ನಂಬಿದ ಅರೆಕಾಲಿಕ ವಿದ್ಯಾರ್ಥಿಗಳು ಎಂಬುದನ್ನು ಈ ಚರಿತ್ರೆ ಬರೆಯುವವರು ಮರೆಯಬಾರದು.

ಇಂದಿನ ನಿಯಮಗಳ ಚೌಕಟ್ಟು ಯುಜಿಸಿಯ 2020ರ ಮುಕ್ತ ಮತ್ತು ದೂರ ಶಿಕ್ಷಣ ಹಾಗೂ ಆನ್‌ಲೈನ್ ಕೋರ್ಸುಗಳ ವಿನಿಯಮ. ಅದರಂತೆ ಮಾನ್ಯತೆ ಸಂಸ್ಥೆಗೆ ಮಾತ್ರವಲ್ಲ, ಅದು ನಡೆಸುವ ಒಂದೊಂದು ಕೋರ್ಸಿಗೂ ಬೇಕು. ಹೀಗೆ ಮಾನ್ಯತೆ ಪಡೆದ ಪದವಿಯನ್ನು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಪರಿಗಣಿಸಬೇಕೆಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಅದೇ ವರ್ಷ, ಒಂದೇ ಕಾಲದಲ್ಲಿ ಎರಡು ಪದವಿಗಳನ್ನು ಓದುವುದಕ್ಕೂ ಅನುಮತಿ ದೊರೆಯಿತು. ಕೋರ್ಸು ಸೇರುವ ಮುನ್ನ ಯುಜಿಸಿಯ ದೂರ ಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿನ ಹೆಸರಿಗೆ ಒಪ್ಪಿಗೆ ಇದೆಯೇ ಎಂದು ನೋಡಿಕೊಳ್ಳುವುದು ಅಗತ್ಯ. 2024ರಿಂದೀಚೆಗೆ ವಿದ್ಯಾರ್ಥಿಯೇ ಈ ಮಂಡಳಿಯ ಜಾಲತಾಣದಲ್ಲಿ ಡೆಬ್ ಐಡಿ ಎಂಬ ಗುರುತಿನ ಸಂಖ್ಯೆಯನ್ನು ಪಡೆದು ಅದರ ಮೂಲಕ ಪ್ರವೇಶ ಪಡೆಯುವ ಕ್ರಮ ಬಂದಿರುವುದರಿಂದ, ಮಾನ್ಯತೆ ಇಲ್ಲದ ಕೋರ್ಸಿಗೆ ತಿಳಿಯದೆ ಸೇರಿಬಿಡುವ ಅಪಾಯ ಕಡಿಮೆಯಾಗಿದೆ. ಬಸ್ ನಿಲ್ದಾಣದ ಕಂಬಗಳಿಗೆ ಅಂಟಿಸಿದ, ಒಂದೇ ವರ್ಷದಲ್ಲಿ ಪದವಿ ಕೊಡಿಸುವ ಜಾಹೀರಾತುಗಳು ಇನ್ನೂ ಕಾಣುತ್ತಿರುವುದರಿಂದ ಈ ಎಚ್ಚರವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಎಲ್ಲ ವಿದ್ಯೆಗಳೂ ಈ ದಾರಿಯಲ್ಲಿ ಸಿಗುವುದಿಲ್ಲ. ವೈದ್ಯಕೀಯ, ಶುಶ್ರೂಷೆ, ಔಷಧ ವಿಜ್ಞಾನ, ಕಾನೂನು, ವಾಸ್ತುಶಿಲ್ಪ, ಕೃಷಿ ಮತ್ತು ಎಂಜಿನಿಯರಿಂಗ್ ಪದವಿಗಳನ್ನು ದೂರ ಶಿಕ್ಷಣದಲ್ಲಿ ಕೊಡುವಂತಿಲ್ಲ. ಅನುಮತಿಯಿಲ್ಲದೆ ಕೆಲವು ಪರಿಗಣಿತ ವಿಶ್ವವಿದ್ಯಾನಿಲಯಗಳು ದೂರ ಶಿಕ್ಷಣದಲ್ಲಿ ನೀಡಿದ್ದ ಎಂಜಿನಿಯರಿಂಗ್ ಪದವಿಗಳನ್ನು ಸರ್ವೋಚ್ಚ ನ್ಯಾಯಾಲಯ 2017ರ ನವೆಂಬರ್‌ನಲ್ಲಿ ಒಪ್ಪಲಿಲ್ಲ. ಡಿಪ್ಲೊಮಾ ಮುಗಿಸಿ ಕಾರ್ಖಾನೆಗಳಲ್ಲೂ ವಿದ್ಯುತ್ ಇಲಾಖೆಯಲ್ಲೂ ದುಡಿಯುವವರಿಗೆ ಇದರಿಂದಾದ ಕೊರತೆಯನ್ನು ತುಂಬಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2023–24ರಿಂದ ಹೊಸ ಅವಕಾಶವೊಂದನ್ನು ತೆರೆದಿದೆ. ಕನಿಷ್ಠ ಒಂದು ವರ್ಷದ ಸೇವಾನುಭವವಿದ್ದು, ಕೆಲಸದ ಜಾಗ ಕಾಲೇಜಿನಿಂದ ನಿಗದಿತ ದೂರದೊಳಗಿದ್ದರೆ, ಕೆಲಸದ ವೇಳೆಗೆ ಅಡ್ಡಿಯಾಗದ ಹೊತ್ತಿನಲ್ಲಿ ತರಗತಿ ನಡೆಸಲು ಅನುಮತಿ ಪಡೆದ ಕಾಲೇಜುಗಳಿಗೆ ಅಂಥವರು ಸೇರಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಈ ಅಳತೆಯೊಳಗಿವೆ. 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವ ಜಿಲ್ಲಾ ಕೇಂದ್ರದಲ್ಲಿ ಇಂಥ ಸಂಜೆ ತರಗತಿಗಳಿಗೆ ಓದುಗರ ಕೊರತೆ ಆಗಲಾರದು.

ಸ್ಥಳೀಯ ಸಂಸ್ಥೆಗಳು

ಬೆಂಗಳೂರಿನಲ್ಲಿ ಹಲವು ಸಂಜೆ ಕಾಲೇಜುಗಳಿವೆ, ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ್ದೇ ಸಂಜೆ ಕಾಲೇಜಿದೆ. ಕಚೇರಿ ಬಿಟ್ಟ ಮೇಲೆ ನಡೆದುಹೋಗುವಷ್ಟು ಹತ್ತಿರದಲ್ಲಿ ತರಗತಿಯಿರುವ ನಗರಕ್ಕೆ ಈ ವ್ಯವಸ್ಥೆ ಒಪ್ಪುತ್ತದೆ. ಹಳೇಕೋಟೆಯಂಥ ಹೋಬಳಿಗೆ ಒಪ್ಪುವುದಿಲ್ಲ, ಏಕೆಂದರೆ ರಾತ್ರಿ ಎಂಟೂವರೆಗೆ ತರಗತಿ ಮುಗಿದರೆ ಊರಿಗೆ ಹಿಂದಿರುಗಲು ಬಸ್ಸು ಇರಬೇಕಲ್ಲ. ಆದುದರಿಂದಲೇ ಇಲ್ಲಿನವರಿಗೆ ಭಾನುವಾರದ ಆಪ್ತಸಲಹಾ ತರಗತಿಯೇ ಸಂಜೆ ಕಾಲೇಜು. ಹಾಸನ–ಹೊಳೆನರಸೀಪುರ–ಮೈಸೂರು ರೈಲು ಹೊಳೆನರಸೀಪುರದವರಿಗೆ ಮುಕ್ತಗಂಗೋತ್ರಿಯನ್ನು ನೇರವಾಗಿ ಬೆಸೆಯುತ್ತದೆ, 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗ ಚನ್ನರಾಯಪಟ್ಟಣವನ್ನೂ ಶ್ರವಣಬೆಳಗೊಳವನ್ನೂ ರಾಜಧಾನಿಗೆ ಜೋಡಿಸಿದೆ. ರೈಲಿಲ್ಲದ ಅರಕಲಗೂಡಿಗೆ ಬಸ್ಸೇ ಗತಿ.

ಹಾಸನದ ಹೇಮಗಂಗೋತ್ರಿ ಬಹುಕಾಲ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ರಾಜ್ಯ ಸರ್ಕಾರ ಸ್ಥಾಪಿಸಿದ ಏಳು ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂದಾಗಿ ಅದೇ ಆವರಣದಲ್ಲಿ ಹಾಸನ ವಿಶ್ವವಿದ್ಯಾನಿಲಯ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯೊಂದು ಹಣಕಾಸಿನ ಕಾರಣಕ್ಕೆ ಇಂಥ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಂದುವರಿಸುವ ಬಗೆಗೇ ಪ್ರಶ್ನೆಯೆತ್ತಿತು. ಪೂರ್ಣಕಾಲಿಕ ವಿದ್ಯಾರ್ಥಿಗಳ ಸಂಖ್ಯೆಯೊಂದರಿಂದಲೇ ಜಿಲ್ಲಾ ವಿಶ್ವವಿದ್ಯಾನಿಲಯದ ಅಗತ್ಯವನ್ನು ಅಳೆಯುವುದು ಸರಿಯಲ್ಲ. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಗ್ರಂಥಾಲಯವೂ ಅಧ್ಯಾಪಕರೂ ಇದ್ದಾರೆಂಬುದು ದುಡಿಯುವವರಿಗೆ ಓದಿನ ಧೈರ್ಯ ಕೊಡುವ ಸಂಗತಿ. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆಯಂಥ ವಿಶೇಷ ಕೇಂದ್ರಗಳು ನೌಕರಿಯ ಹಂಗಿಲ್ಲದೆ, ತಿಳಿಯುವ ಆಸೆಯಿಂದಲೇ ಓದುವವರನ್ನು ಸೆಳೆಯುತ್ತವೆ.

ಕೃಷಿಗೆ ಸಂಬಂಧಿಸಿದ ನಿರಂತರ ಶಿಕ್ಷಣ ಈ ಸೀಮೆಯಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು. ಕಾರೇಕೆರೆಯ ಕೃಷಿ ಕಾಲೇಜು ಮತ್ತು ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಹಾಸನದ ಮಗ್ಗುಲಲ್ಲೇ ಇವೆ. ಪದವಿಯ ಹಂಬಲವಿಲ್ಲದ ರೈತನಿಗೆ ಆಲೂಗಡ್ಡೆಯ ಅಂಗಮಾರಿ ರೋಗವನ್ನು ಗುರುತಿಸುವುದು, ಬಿತ್ತನೆ ಗೆಡ್ಡೆಯನ್ನು ಆರಿಸುವುದು, ಶುಂಠಿಯ ಕೊಳೆ ರೋಗವನ್ನು ತಡೆಯುವುದು ಇಂಥ ವಿಷಯಗಳಲ್ಲಿ ಒಂದೆರಡು ದಿನದಿಂದ ಹಲವು ವಾರಗಳವರೆಗಿನ ತರಬೇತಿಗಳು ಇಂಥ ಕೇಂದ್ರಗಳಲ್ಲಿ ನಡೆಯುತ್ತವೆ. ಇನ್ನೊಂದು ಬಗೆಯದು ಗೊಬ್ಬರ, ಬೀಜ, ಕೀಟನಾಶಕದ ಅಂಗಡಿಯವರಿಗಾಗಿ ಇರುವ ‘ದೇಸಿ’ ಎಂಬ ಡಿಪ್ಲೊಮಾ. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ (ಮ್ಯಾನೇಜ್) 2003ರಲ್ಲಿ ಆರಂಭಿಸಿದ ಈ ಒಂದು ವರ್ಷದ ಕೋರ್ಸಿನಲ್ಲಿ 40 ತರಗತಿಗಳೂ 8 ಕ್ಷೇತ್ರ ಭೇಟಿಗಳೂ ಇವೆ, ಮತ್ತು ಅವು ವಾರಕ್ಕೊಮ್ಮೆ, ಭಾನುವಾರವೋ ಅಂಗಡಿಗಳಿಗೆ ರಜೆಯಿರುವ ದಿನವೋ ನಡೆಯುತ್ತವೆ. ರೋಗ ಬಂದ ಎಲೆಯನ್ನು ಕೈಯಲ್ಲಿ ಹಿಡಿದು ರೈತ ಮೊದಲು ಹೋಗುವುದು ಅಂಗಡಿಗೆ ಎಂಬ ನಿಜವನ್ನು ಒಪ್ಪಿಕೊಂಡು, ಆ ಅಂಗಡಿಯವನನ್ನೇ ವಿದ್ಯಾರ್ಥಿಯನ್ನಾಗಿ ಮಾಡಿದ ಈ ಯೋಜನೆ, ವಿದ್ಯಾರ್ಥಿಯ ವೇಳೆಗೆ ತಕ್ಕಂತೆ ತರಗತಿಯನ್ನು ಹೊಂದಿಸುವುದು ಹೇಗೆಂಬುದಕ್ಕೆ ಒಳ್ಳೆಯ ಮಾದರಿ. ಪದವಿ ಕೋರ್ಸುಗಳು ಇದರಿಂದ ಕಲಿಯಬೇಕಾದದ್ದು ಬಹಳವಿದೆ.

ನೌಕರರು, ಮಹಿಳೆಯರು

ಸರ್ಕಾರಿ ನೌಕರರು ಸೇವೆಯಲ್ಲಿದ್ದು ಪದವಿಗೆ ಸೇರುವ ಮೊದಲು ಇಲಾಖೆಯ ಅನುಮತಿ ಪಡೆದಿಟ್ಟುಕೊಳ್ಳಬೇಕು. ಅನುಮತಿಯಿಲ್ಲದೆ ಗಳಿಸಿದ ಪದವಿಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸುವಾಗ ತಕರಾರು ಬರುತ್ತದೆ. ಪ್ರಾಥಮಿಕ ಶಾಲೆಯ ಶಿಕ್ಷಕರು ಪ್ರೌಢಶಾಲೆಗೆ ಬಡ್ತಿ ಪಡೆಯಲು ಪದವಿಯ ಜೊತೆಗೆ ಬಿ.ಇಡಿ. ಬೇಕಾಗುವುದರಿಂದ ಮುಕ್ತ ವಿಶ್ವವಿದ್ಯಾನಿಲಯದ ಬಿ.ಇಡಿ.ಗೆ ಬೇಡಿಕೆ ಹೆಚ್ಚು. ಆದರೆ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ 2014ರ ನಿಯಮದಂತೆ ದೂರ ಶಿಕ್ಷಣದ ಬಿ.ಇಡಿ.ಗೆ ಸೇರಲು ಈಗಾಗಲೇ ತರಬೇತಿ ಹೊಂದಿದ ಶಿಕ್ಷಕರಾಗಿರಬೇಕು ಅಥವಾ ಮಾನ್ಯತೆ ಪಡೆದ ಶಿಕ್ಷಕ ತರಬೇತಿಯನ್ನು ತರಗತಿಗೆ ಹೋಗಿ ಮುಗಿಸಿರಬೇಕು. ಇದನ್ನು ತಿಳಿಯದೆ ಅರ್ಜಿ ಹಾಕಿ ನಿರಾಶರಾಗುವವರು ಪ್ರತಿ ವರ್ಷವೂ ಇರುತ್ತಾರೆ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲೇ ನಿಂತವರು ಪದವಿಗಿಂತ ಮೊದಲು ಆ ಮೆಟ್ಟಿಲನ್ನು ಹತ್ತಬೇಕು. ಅದಕ್ಕೆ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೂ ಖಾಸಗಿಯಾಗಿ ಪರೀಕ್ಷೆ ಕಟ್ಟುವ ಪದ್ಧತಿಯೂ ಇವೆ.

ಮಹಿಳೆಯರ ಪಾಲಿಗೆ ಈಚಿನ ದೊಡ್ಡ ಬದಲಾವಣೆ ಶಿಕ್ಷಣ ಇಲಾಖೆಯಿಂದ ಬಂದದ್ದಲ್ಲ, ಸಾರಿಗೆ ಇಲಾಖೆಯಿಂದ ಬಂದದ್ದು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಆಪ್ತಸಲಹಾ ತರಗತಿಗೆ, ಪುಸ್ತಕ ತರಲು, ಪರೀಕ್ಷೆಗೆ ಹಾಸನಕ್ಕೆ ಹೋಗಿ ಬರುವ ಪ್ರತಿ ಸಲವೂ ಮನೆಯಲ್ಲಿ ದುಡ್ಡು ಕೇಳಬೇಕಾದ ಸಂಕೋಚ ತಪ್ಪಿರುವುದು, ಓದು ಬಿಟ್ಟ ಗೃಹಿಣಿಯ ಮಟ್ಟಿಗೆ ಶುಲ್ಕ ವಿನಾಯಿತಿಗಿಂತ ಕಡಿಮೆಯದಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಹೊಸ ರೂಪ ಪಡೆದಿರುವುದೂ ಇಂಥವರಿಗೆ ಅನುಕೂಲ. ಮನೆಯಲ್ಲಿ ಓದಲು ಮೂಲೆ ಸಿಗದವರಿಗೆ ಅಲ್ಲಿ ಒಂದು ಮೇಜೂ ಕುರ್ಚಿಯೂ ಸಿಗುತ್ತವೆ, ಕೆಲವೆಡೆ ಕಂಪ್ಯೂಟರೂ ಇದೆ. 2017ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಉಚಿತ ಆನ್‌ಲೈನ್ ಪಾಠಗಳಿದ್ದರೂ ಅವುಗಳಲ್ಲಿ ಕನ್ನಡದ ಪಾಲು ಸಣ್ಣದು.

ಪಂಚಾಂಗ ಮತ್ತು ವೇಳಾಪಟ್ಟಿ

ಇಗ್ನೋದ ಕೊನೆಯ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಹಾಸನದ ಸುತ್ತ ಆಲೂಗಡ್ಡೆ ಬಿತ್ತನೆಯ ಭರಾಟೆ ಮೇ ತಿಂಗಳಲ್ಲಿ ತೊಡಗಿ ಜೂನಿಗೂ ಹರಿಯುತ್ತದೆ. ಡಿಸೆಂಬರ್ ಎಂದರೆ ರಾಗಿ ಕೊಯ್ದು ಕಣ ಮಾಡುವ, ನಾಲೆಯ ಕೆಳಗೆ ಭತ್ತ ಕೊಯ್ಯುವ ತಿಂಗಳು. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದ ಮಾಡುವ ದಿನಗಳಲ್ಲಿ ಒಂದು ಸಲ ಬ್ಯಾರನ್ (ಸೊಪ್ಪನ್ನು ಕಾವು ಕೊಟ್ಟು ಹದ ಮಾಡುವ ಮನೆ) ತುಂಬಿದರೆ ಐದಾರು ದಿನ ಹಗಲಿರುಳು ಬೆಂಕಿಯ ಕಾವನ್ನು ನೋಡುತ್ತಿರಬೇಕು. ಅದರ ನಂತರ ರಾಮನಾಥಪುರದ ಹರಾಜು ಕಟ್ಟೆಯ ಸರದಿ ಬರುತ್ತದೆ. ಬ್ಯಾರನ್ನಿನ ಮುಂದೆ ಸೌದೆಯ ರಾಶಿಯ ಮೇಲೆ ಕುಳಿತು, ಥರ್ಮಾಮೀಟರ್ ನೋಡುವ ನಡುವೆ ಘಟಕವೊಂದನ್ನು ಓದಿ ಮುಗಿಸುವ ತರುಣನಿಗೆ ಆ ರಾತ್ರಿ ತೆರಪು ನಿಜವಾಗಿಯೂ ದೊರೆಯುತ್ತದೆ. ಆದರೆ ಮೂರು ಗಂಟೆಯ ಪರೀಕ್ಷೆ ಹಾಸನದಲ್ಲಿ ಅದೇ ಬೆಳಿಗ್ಗೆ ಇದ್ದರೆ ಬೆಂಕಿಯನ್ನು ಬಿಟ್ಟು ಹೋಗಲಾಗದು. ಕಾರ್ಖಾನೆಯ ಪಾಳಿಯದೂ ಇದೇ ಕಥೆ. ಪರೀಕ್ಷೆಗೆಂದು ನಾಲ್ಕು ದಿನ ರಜೆ ಹಾಕಿದರೆ ಹಾಜರಾತಿ ಭತ್ಯೆ ಹೋಗುತ್ತದೆ.

ಈ ತೊಡಕನ್ನು ವ್ಯವಸ್ಥೆ ಪೂರ್ತಿಯಾಗಿ ಅಲಕ್ಷಿಸಿಲ್ಲ. ಜನವರಿ ಮತ್ತು ಜುಲೈ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ ಪಡೆಯುವ ಅವಕಾಶವಿರುವುದರಿಂದ, ಒಂದು ಸಲ ತಪ್ಪಿದರೆ ಇಡೀ ವರ್ಷ ಕಾಯಬೇಕಾಗಿಲ್ಲ. ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ, ಎರಡು ವರ್ಷದ ಎಂ.ಎ.ಯನ್ನು ನಾಲ್ಕು ವರ್ಷದವರೆಗೂ ಓದಬಹುದು. 2021ರಲ್ಲಿ ನಿಯಮ ರೂಪ ಪಡೆದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ, ಹಣವನ್ನು ಖಾತೆಯಲ್ಲಿಟ್ಟ ಹಾಗೆ, ಗಳಿಸಿದ ಕ್ರೆಡಿಟ್‌ಗಳನ್ನು ಏಳು ವರ್ಷಗಳವರೆಗೆ ಕೂಡಿಟ್ಟುಕೊಳ್ಳಬಹುದು. ಮಳೆ ಕೈಕೊಟ್ಟ ವರ್ಷ, ಹೆರಿಗೆಯ ವರ್ಷ, ಮನೆಯ ಹಿರಿಯರು ಹಾಸಿಗೆ ಹಿಡಿದ ವರ್ಷ ಓದು ನಿಂತರೂ ಅದುವರೆಗೆ ಬರೆದ ಪರೀಕ್ಷೆಗಳು ಹಾಳಾಗುವುದಿಲ್ಲ. ಪರೀಕ್ಷಾ ಕೇಂದ್ರ ತಾಲ್ಲೂಕಿಗೆ ಬರುವುದು ಮತ್ತು ದಿನಾಂಕಗಳು ಬೆಳೆಯ ಲೆಕ್ಕ ತಿಳಿದವರನ್ನು ಕೇಳಿ ನಿಗದಿಯಾಗುವುದು, ಈ ಎರಡು ಇನ್ನೂ ಆಗಬೇಕಾಗಿವೆ.